ಜಿಗಣೆ ತೊಟ್ಟಿಗೂ ಆಯುಧಪೂಜೆ

ಆಯುಧಪೂಜೆಯ ಹಿಂದಿನ ದಿನ ಎಲ್ಲವನ್ನೂ ತೊಳೆಯುವುದು ನಮ್ಮ ಪ್ರಯೋಗಾಲಯದ ಪದ್ಧತಿ. ಮರುದಿನ ಸೂಕ್ಷ್ಮದರ್ಶಕಕ್ಕೆ ಅರಿಸಿನ ಕುಂಕುಮ, ಕಂಪ್ಯೂಟರಿಗೆ ಚೆಂಡು ಹೂವಿನ ಮಾಲೆ. ಅದಕ್ಕೆ ನನ್ನ ತಕರಾರಿಲ್ಲ. ನಾನಿದ್ದ ಮಿಯಾಪುರದಿಂದ ಮೆಟ್ರೊದಲ್ಲಿ ಹೂ ತರುತ್ತಿದ್ದವಳು ನಾನೇ. ಆದರೆ ಆ ವರ್ಷ ನಮ್ಮ ಪ್ರೊಫೆಸರರು ಜಿಗಣೆಗಳ ತೊಟ್ಟಿಯನ್ನೂ ತೊಳೆದುಬಿಟ್ಟರು.

ನನ್ನ ಸಂಶೋಧನೆ ಜಿಗಣೆಯ ನರಮಂಡಲದ ಮೇಲೆ. ಹೆಸರು ಕೇಳಿದರೇ ಎಲ್ಲರೂ ಮೂಗು ಮುರಿಯುತ್ತಾರೆ, ಮುರಿಯಲಿ. ಜಿಗಣೆಯ ಮೈಯುದ್ದಕ್ಕೂ ನರದ ಗಂಟುಗಳ ಸಾಲಿದೆ. ಒಂದೊಂದು ಗಂಟಿನಲ್ಲೂ ಜೀವಕೋಶಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕುಂಚದ ತುದಿಯಿಂದ ಮುಟ್ಟಿದರೆ ಜಿಗಣೆ ಮುದುಡಿಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ, ಇದರಿಂದ ಅಪಾಯವಿಲ್ಲ ಎಂದು ಕಲಿತು ಸುಮ್ಮನಿರುತ್ತದೆ. ಆ ಕಲಿಕೆ ಯಾವ ಕೋಶದಲ್ಲಿ ಉಳಿಯುತ್ತದೆ? ನನ್ನ ಪಿಎಚ್‌ಡಿ ನಿಂತಿದ್ದು ಈ ಪ್ರಶ್ನೆಯ ಮೇಲೆ, ತಿಂಗಳುಗಟ್ಟಲೆ ನಾನೇ ಪಳಗಿಸಿದ ಆ ಒಂದು ತೊಟ್ಟಿ ಜಿಗಣೆಗಳ ಮೇಲೆ.

ನಲ್ಲಿ ನೀರಿನ ಕ್ಲೋರಿನ್ ಅವಕ್ಕೆ ವಿಷ. ಇದನ್ನು ಮೊದಲ ದಿನವೇ ನನಗೆ ಕಲಿಸಿದವರು ಇದೇ ಪ್ರೊಫೆಸರರು. ವಿಜಯಪುರದ ಕಡೆಯವರು, ನನ್ನೊಡನೆ ಕನ್ನಡವನ್ನೇ ಆಡುವವರು. ಹಬ್ಬಕ್ಕೆ ಸಂಸ್ಥೆಯ ನಿರ್ದೇಶಕರು ಬರುತ್ತಾರೆ, ಫೋಟೊದಲ್ಲಿ ಪಾಚಿಗಟ್ಟಿದ ತೊಟ್ಟಿ ಕಾಣಬಾರದು ಎಂದು ಸಂಜೆ ತಾವೇ ತಿಕ್ಕಿ, ನಲ್ಲಿ ತಿರುಗಿಸಿ ತುಂಬಿದ್ದರು.

ಬೆಳಿಗ್ಗೆ ನಾನು ಬಂದಾಗ ತೊಟ್ಟಿಯ ಗಾಜಿಗೆ ಕುಂಕುಮ ಹಚ್ಚಿದ್ದರು, ಜಿಗಣೆಗಳು ತಳದಲ್ಲಿ ಬಿದ್ದಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ನೀರು ಎಲ್ಲಿಯದು ಎಂದು ಪ್ರೊಫೆಸರರನ್ನು ಕೇಳಿದೆ. ನಲ್ಲಿಯದೇ, ಹಬ್ಬದ ದಿನ ಹಳೇ ನೀರು ಇಡಬಾರದು, ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದರು. ಸತ್ತವಕ್ಕೆ ಬದಲು ಬೇರೆ ತರಿಸೋಣವಂತೆ, ಸಂತೆಯಿಂದ ತರಕಾರಿ ತರಿಸುವ ಹಾಗೆ. ಬೇರೆಯವು ಸಿಗುತ್ತವೆ, ಕಲಿತವನ್ನು ಯಾವ ಅಂಗಡಿಯಲ್ಲಿ ಕೊಡುತ್ತಾರೆ? ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸುತ್ತಿದ್ದೆನೇನೋ. ಗೊತ್ತಿದ್ದೂ ಮಾಡಿದ್ದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಿರ್ದೇಶಕರು ಬಂದರು. ಪ್ರೊಫೆಸರರು ಇನ್ನೂ ಅಷ್ಟಿಷ್ಟು ಮಿಸುಕುತ್ತಿದ್ದ ಒಂದು ಜಿಗಣೆಯನ್ನು ತಟ್ಟೆಗೆ ಹಾಕಿಕೊಂಡು, ಕುಂಚದಿಂದ ಮುಟ್ಟಿದರು. ಅದು ಮುದುಡಲಿಲ್ಲ. ಇನ್ನೊಮ್ಮೆ ಮುಟ್ಟಿದರು. ಅವರ ಮುಖ ಅರಳಿತು. ನಮ್ಮ ಹುಡುಗಿಯ ಕೆಲಸ ನೋಡಿ ಎಂದು ನಿರ್ದೇಶಕರಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿದರು.

“ನೋಡವಾ, ಎಷ್ಟು ಛಂದ ಕಲ್ತೈತಿ.”

“ಕಲ್ತಿಲ್ರಿ ಸರ್,” ಎಂದೆ. “ಸಾಯಾಕತ್ತೈತಿ.”