ಹುಣ್ಸೆಕುದ್ರುವಿನ ಪಡುವಣ ಗಡಿ

ಕೊರೋನಾ ಮುಗಿದ ಮರುವರ್ಷ ನಾನು ಕುಂದಾಪುರ ಕಡೆ ಭೂಮಾಪಕನಾಗಿದ್ದೆ. ಸರ್ವೆಯರ್ ಅಂದರೆ ಜನಕ್ಕೆ ಬೇಗ ಅರ್ಥವಾಗುತ್ತದೆ, ಅಷ್ಟೇ ಬೇಗ ಮುಖವೂ ಗಂಟಾಗುತ್ತದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಅಷ್ಟರೊಳಗೆ ಎಷ್ಟೋ ಅಣ್ಣತಮ್ಮಂದಿರ ನಡುವೆ ಕಲ್ಲು ನೆಟ್ಟು, ಇಬ್ಬರಿಂದಲೂ ಸಮಪಾಲಾಗಿ ಬೈಸಿಕೊಂಡು, ನನಗೆ ತಿಳಿಯದ ಗಡಿ ಈ ಭೂಮಂಡಲದಲ್ಲಿ ಉಳಿದಿಲ್ಲ ಎಂಬ ಗಂಭೀರ ನಂಬಿಕೆಗೆ ಬಂದಿದ್ದೆ.

ಆಗ ಡ್ರೋನ್ ಸರ್ವೆ ಬಂತು. ಹಳ್ಳಿಯ ಮನೆಗಳಿಗೆ ಹಕ್ಕುಪತ್ರ ಕೊಡುವ ಕೆಲಸ. ಮೊದಲು ಪ್ರತಿ ಮನೆಯ ಜಾಗದ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು. ಡ್ರೋನ್ ಮೇಲಿನಿಂದ ಫೋಟೋ ಹಿಡಿಯುತ್ತದೆ. ಆ ಬಿಳಿ ಗೆರೆಯನ್ನು ನಾವು ಹಳೆಯ ನಕ್ಷೆಯ ಜೊತೆ ತಾಳೆ ನೋಡುತ್ತೇವೆ. ನನ್ನ ಪಾಲಿಗೆ ಬಂದ ಜಾಗಗಳಲ್ಲಿ ಹುಣ್ಸೆಕುದ್ರು ಒಂದು. ಕುದ್ರು ಅಂದರೆ ಹೊಳೆಯ ನಡುವಿನ ನಡುಗಡ್ಡೆ. ತಲ್ಲೂರಿನ ಕಡೆಯಿಂದ ದೋಣಿಯಲ್ಲಿ ಹತ್ತು ನಿಮಿಷದ ದಾರಿ, ಹನ್ನೊಂದು ಮನೆ, ಎಲ್ಲರೂ ಹೊಳೆಯನ್ನು ನಂಬಿದವರು. ಗಂಡಸರು ಬಲೆ ಬೀಸುತ್ತಾರೆ, ಹೆಂಗಸರು ಕಡಲಿನ ಇಳಿತಕ್ಕೆ ಹೊಳೆ ನೀರು ತಗ್ಗಿದಾಗ ಕೆಸರಿಗಿಳಿದು ಚಿಪ್ಪಿ ಹೆಕ್ಕುತ್ತಾರೆ.

ಸರ್ಕಾರಿ ನಮೂನೆಯಲ್ಲಿ ‘ಜಾಗದ ಭೂಗೋಳ ಮತ್ತು ಇತಿಹಾಸ’ ಎಂದು ಒಂದು ಕಾಲಂ ಇತ್ತು. ಭೂಗೋಳವನ್ನು ಆಫೀಸಿನಲ್ಲೇ ಕುಳಿತು ತುಂಬಿದೆ: ಮೂಡಕ್ಕೆ ನೀರು, ಪಡುವಕ್ಕೆ ನೀರು, ತೆಂಕಕ್ಕೆ ನೀರು, ಬಡಗಕ್ಕೆ ನೀರು. ಇಷ್ಟು ಸುಲಭದ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ನನ್ನ ಸೇವಾವಧಿಯಲ್ಲಿ ಸಿಕ್ಕಿರಲಿಲ್ಲ. ಇತಿಹಾಸದ ಕಾಲಂನಲ್ಲಿ ‘ಇಲ್ಲ’ ಎಂದು ಬರೆದೆ. ಹುಣ್ಸೆಕುದ್ರುವಿನಲ್ಲಿ ಹುಣಸೆ ಮರವೇ ಇಲ್ಲದ ಮೇಲೆ ಇತಿಹಾಸ ಎಲ್ಲಿಂದ ಬರಬೇಕು?

ತೊಡಕು ಗೊತ್ತಾದದ್ದು ಹಳೆಯ ಗ್ರಾಮ ನಕ್ಷೆ ಬಿಚ್ಚಿದಾಗ. ಅದರಲ್ಲಿ ಕುದ್ರು ಈಗಿರುವಲ್ಲಿ ಇರಲೇ ಇಲ್ಲ, ಪಡುವಕ್ಕೆ ಸರಿದು ಕೂತಿತ್ತು. ತಲೆಮಾರುಗಳ ಕಾಲ ಹೊಳೆ ಪಡುವಣ ದಡವನ್ನು ಕೊರೆದು ಮೂಡಣ ಬದಿಗೆ ಮಣ್ಣು ತಂದು ಹಾಕಿತ್ತು. ಜನ ಅದರ ಹಿಂದೆಯೇ ಮನೆ ಕಟ್ಟುತ್ತ ಹೋಗಿದ್ದರು. ದಾಖಲೆಯ ಪ್ರಕಾರ ಈಗಿನ ಹನ್ನೊಂದು ಮನೆಯೂ ಇರುವುದು ಹೊಳೆಯ ಒಳಗೆ. ಹೊಳೆಗೆ ಹಕ್ಕುಪತ್ರ ಇಲ್ಲ.

ಇದನ್ನು ಹೇಳಲು ಹೋದೆ. ಮೊದಲ ಮನೆ ಸಾದಮ್ಮನದು. ಎಪ್ಪತ್ತು ದಾಟಿದ ಹೆಂಗಸು, ಅಂಗಳದಲ್ಲಿ ಕೂತು ಚಿಪ್ಪಿ ಬಿಡಿಸುತ್ತಿದ್ದರು. ಮಗಳು ಒಳಗೆ ಗಂಜಿ ಬಸಿಯುತ್ತಿದ್ದಳು.

“ಹ್ವಾಯ್ ಸರ್ವೇರ್ರೆ, ನಿಮ್ಮ್ ನಕ್ಷೆಯಗೆ ನಾನ್ ಎಲ್ಲಿ ಇದ್ದೆ?”

“ನೀರಗೆ ಇದ್ರಿ, ಅಮ್ಮ.”

“ಎಷ್ಟ್ ಆಳದಗೆ?”

ನಾನು ನಕ್ಷೆ ಮಡಚಿಟ್ಟೆ. ಅವರು ಮಗಳನ್ನು ಕರೆದು, “ಹೆಣೇ, ಕೇಂಡ್ಯಾ? ನಾವ್ ಮೀನ್ ಅಂಬ್ರ್. ಇವ್ರಿಗೆ ಒಂದ್ ಲೋಟ ಚಾ ಕೊಡ್, ನೀರ್ ಹೇಂಗೂ ನಮ್ದೇ” ಅಂದರು.

ಚಾ ಕೊಟ್ಟ ಮೇಲೆ ಸ್ವರ ಇಳಿಸಿ ಕೇಳಿದರು, “ಕಾಗ್ದ ಸಿಕ್ದಿದ್ರೆ ಎಂತ ಆತ್ತ್?”

ಇದ್ದದ್ದು ಹೇಳಿದೆ. ಕಾಗದವಿಲ್ಲದ ಮನೆ ಒತ್ತುವರಿ. ಇವತ್ತು ಯಾರೂ ಕೇಳಲಿಕ್ಕಿಲ್ಲ, ನಾಳೆ ಯಾರಾದರೂ ಏಳಿ ಅಂದರೆ ಏಳಬೇಕು. ಸಾದಮ್ಮ ಮಗಳ ಕಡೆ ನೋಡಿದರು. ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ ಬಂದವಳು, ಬೇರೆ ನೆಲೆ ಇರಲಿಲ್ಲ.

“ಆ ಹಾರು ಮಿಷಿನ್ ಇಳ್ತದ್ ಹೊತ್ತಿಗೆ ಬರ್ಲಿ. ಅಷ್ಟ್ ಮಾಡಿ” ಅಂದರು.

ಡ್ರೋನ್ ಇಳಿಸಲು ಹೆಚ್ಚು ಜಾಗ ಸಿಗಲಿ ಎಂದು ಹೇಳುತ್ತಾರೆ ಎಂದುಕೊಂಡು ಹಾಗೇ ಸಮಯ ಗೊತ್ತುಮಾಡಿಸಿದೆ. ಕುದ್ರುವಿನ ಎಲ್ಲ ಮನೆಗೂ ಗೆರೆ ಹಾಕಿ ಎಂದು ಒಂದು ಚೀಲ ಸುಣ್ಣವನ್ನೂ ಕೊಟ್ಟು ಬಂದೆ. ಡ್ರೋನ್ ಹಾರಿದ ದಿನ ನಾನು ವಂಡ್ಸೆಯಲ್ಲಿ ಇನ್ನೊಂದು ಜೋಡಿ ಅಣ್ಣತಮ್ಮಂದಿರ ನಡುವೆ ಇದ್ದೆ.

ವಾರದ ಮೇಲೆ ಮೇಲಧಿಕಾರಿಗಳು ಕರೆಸಿದರು. ಘಟ್ಟದ ಮೇಲಿನವರು, ಶಾಂತ ಸ್ವಭಾವದವರು. ಕಂಪ್ಯೂಟರಿನಲ್ಲಿ ಕುದ್ರುವಿನ ಚಿತ್ರ ಇತ್ತು. ಹನ್ನೊಂದು ಮನೆಗಳ ಸುತ್ತ ಸುಣ್ಣದ ಗೆರೆ ಸರಿಯಾಗಿಯೇ ಬಿದ್ದಿತ್ತು. ಆದರೆ ಪಡುವಣ ಬದಿಯಲ್ಲಿ, ಇಳಿತದಲ್ಲಿ ಬರಿದಾದ ಕೆಸರಿನ ಮೇಲೆ, ಇನ್ನೂ ಒಂಬತ್ತು ಬಿಳಿ ಚೌಕಗಳಿದ್ದವು.

“ಇವರು ಹೊಳೆಯನ್ನೂ ಕೇಳ್ತಿದ್ದಾರಲ್ರೀ” ಅಂದರು. “ಇದನ್ನ ಹೀಗೇ ಕಳಿಸಿದ್ರೆ ಹನ್ನೊಂದು ಮನೆ ಹಕ್ಕುಪತ್ರವೂ ಬಿದ್ದುಹೋಗ್ತದೆ.”

ನಾನು ಸರ್ಕಾರದ ಸಮಸ್ತ ಗಾಂಭೀರ್ಯವನ್ನು ಮುಖಕ್ಕೆ ಹಚ್ಚಿಕೊಂಡು ದೋಣಿ ಹತ್ತಿದೆ.

“ಎಂತ ಮಾಡಿದ್ರಿ ಅಮ್ಮ? ಮನಿಗೆ ಗೆರೆ ಹಾಕಿ ಅಂದ್ರೆ ಹೊಳಿಗೆ ಹಾಕೂದಾ?”

“ಮನಿಗೇ ಹಾಕದ್ದ್. ನೀವೇ ಅಲ್ದಾ, ಕುದ್ರಿನ್ ಎಲ್ಲ ಮನಿಗೂ ಹಾಕಿ ಅಂದದ್ದ್? ನೀವ್ ಕೊಟ್ ಸುಣ್ಣ ಕೆಸ್ರಗೆ ನಿಲ್ಲಿಲ್ಲೆ. ಅದ್ಕೇ ಚಿಪ್ಪಿ ಸಾಲಿಟ್ಟದ್ದ್.” ನನ್ನ ಬೂಟು ನೋಡಿದರು. “ಅದ್ ತೆಗ್ದಿಡಿ. ಇಳ್ತ ಇತ್ತ್, ಬನ್ನಿ.”

ಪ್ಯಾಂಟು ಮೊಣಕಾಲಿಗೆ ಮಡಚಿ ಅವರ ಹಿಂದೆ ಇಳಿದೆ. ಮೀನಖಂಡದವರೆಗೆ ಕೆಸರು. ಒಂದು ಕಡೆ ನಿಂತು, “ಇಲ್ಲಿ ಕಾಲಿಡಿ” ಅಂದರು. ಇಟ್ಟೆ. ಅಂಗಾಲಿಗೆ ಕಲ್ಲು ಸಿಕ್ಕಿತು. ನುಣುಪಾಗಿ, ನಡುವೆ ಸವೆದು ತಗ್ಗಾಗಿತ್ತು.

“ಹೊಸ್ತಿಲ್” ಅಂದರು.

ಆಮೇಲೆ ನಡೆಯುತ್ತ ಹೇಳಿದರು. ಹೊಳೆ ಒಂದೊಂದೇ ಮನೆ ತೆಗೆದುಕೊಂಡಾಗ ಜನ ಮೂಡಕ್ಕೆ ಹೋದರು, ಆದರೆ ಮುಳುಗಿದ ಮನೆಯ ಜಾಗ ಆ ಮನೆಯವರದ್ದೇ ಉಳಿಯಿತು. ಅದರ ಮೇಲಿನ ಕೆಸರಲ್ಲಿ ಅವರೇ ಚಿಪ್ಪಿ ಹೆಕ್ಕಬೇಕು, ಇನ್ನೊಬ್ಬರು ಕೈ ಹಾಕುವಂತಿಲ್ಲ. ಹೊಸ ಸೊಸೆ ಬಂದರೆ ಮೊದಲು ಇಳಿತ ನೋಡಿ ಇಲ್ಲಿಗೆ ಕರೆತಂದು, ಹಳೆಯ ಹೊಸ್ತಿಲು ಮೆಟ್ಟಿಸಿ, ಆಮೇಲೆಯೇ ಈಗಿನ ಮನೆಗೆ.

“ನಾನೂ ಧಾರೆ ಸೀರೆ ಎತ್ತಿ ಹಿಡ್ಕಂಡ್ ಇಲ್ಲೇ ನಿಂತದ್ದ್. ಅತ್ತೆ ಅಂದ್ರ್, ‘ಮನಿ ಹೊಳಿ ತಕಂಡ್ ಹೋಯ್ತ್, ಹೊಸ್ತಿಲ್ ಬಿಟ್ಟಿತ್ತ್. ಇದನ್ನ್ ಯಾವತ್ತೂ ಮರೂಕಾಗ.’”

ಅಲ್ಲಿಂದಾಚೆ ಒಂದು ಕಪ್ಪು ಬೊಡ್ಡೆ ಕೆಸರಿನಿಂದ ಗೇಣುದ್ದ ಮೇಲೆದ್ದಿತ್ತು. ಕೇಳುವ ಮೊದಲೇ, “ಅದೇ ಹುಣ್ಸೆಮರ” ಅಂದರು.

ಮರುದಿನ ಹಳೆಯ ನಕ್ಷೆಯನ್ನು ಡ್ರೋನ್ ಚಿತ್ರದ ಮೇಲೆ ಕೂರಿಸಿದೆ. ನಕ್ಷೆಯಲ್ಲಿ ಕಪ್ಪು ಶಾಯಿಯ ಒಂಬತ್ತು ಚೌಕಗಳು, ಕೆಸರಿನಲ್ಲಿ ಚಿಪ್ಪಿಯ ಒಂಬತ್ತು ಚೌಕಗಳು. ಒಂದರ ಮೇಲೊಂದು ಬಿದ್ದವು. ಹೆಚ್ಚೆಂದರೆ ಎರಡೂವರೆ ಅಡಿ ವ್ಯತ್ಯಾಸ. ತಪ್ಪಿದ್ದು ಅಂದಿನ ಸರ್ವೆಯರನ ಸರಪಳಿಯೋ ಈ ಹೆಂಗಸರ ಪಾದವೋ ಎಂದು ಖಚಿತವಾಗಿ ಹೇಳಲಾರೆ. ನನ್ನ ಅನುಮಾನ ಸರಪಳಿಯ ಮೇಲೆ.

ಅಧಿಕಾರಿಗಳು ಬಹಳ ಹೊತ್ತು ನೋಡಿದರು.

“ನೀರೊಳಗಿರೋದನ್ನ ಇಷ್ಟು ಸರಿಯಾಗಿ ಅಳೆದೋರು ಯಾರು?”

“ಸಾದಮ್ಮ ಅಂತ, ಸಾರ್. ಕಾಲಲ್ಲಿ ಅಳೆದಿದ್ದಾರೆ.”

“ಬರೀರಿ” ಅಂದರು.

ಬರೆದೆ. ಇವರು ಹೊಳೆಯನ್ನು ಒತ್ತುವರಿ ಮಾಡಿದವರಲ್ಲ, ಹೊಳೆಯೇ ಇವರನ್ನು ಒತ್ತುವರಿ ಮಾಡಿದೆ. ನಕ್ಷೆಯಲ್ಲಿದ್ದ ಊರು ಅಳಿದಿಲ್ಲ, ಸರಿದಿದೆ. ಸಾಕ್ಷಿಗೆ ಒಂಬತ್ತು ಪಂಚಾಂಗ, ಅಂದರೆ ಮನೆಯ ಅಡಿಪಾಯ, ಸ್ಥಳದಲ್ಲೇ ಇದೆ. ‘ಇತಿಹಾಸ’ದ ಕಾಲಂನಲ್ಲಿ ‘ಇಲ್ಲ’ ಎಂಬುದನ್ನು ಹೊಡೆದುಹಾಕಿ ಮೂರು ಪುಟ ಅಂಟಿಸಿದೆ. ಕಡತ ತನ್ನ ಪದ್ಧತಿಯಂತೆ ಎಲ್ಲ ಮೇಜುಗಳಲ್ಲೂ ವಿಶ್ರಾಂತಿ ಪಡೆದು ಎಂಟು ತಿಂಗಳ ಮೇಲೆ ಬಂತು. ಹನ್ನೊಂದು ಮನೆಗೂ ಹಕ್ಕುಪತ್ರ ಆಯಿತು.

ಕೊಡಲು ನಾನೇ ಹೋದೆ. ಸಾದಮ್ಮ ಕೈ ತೊಳೆದು, ಸೆರಗಿಗೆ ಒರೆಸಿ, ಕಾಗದ ಹಿಡಿದರು. ನೇರ ಮಗಳ ಕೈಗೆ ಕೊಟ್ಟು, “ಓದ್” ಅಂದರು. ಮಗಳು ಚೆಕ್ಕುಬಂದಿ ಓದಿದಳು. ಮೂಡಕ್ಕೆ ನದಿ, ತೆಂಕಕ್ಕೆ ದಾರಿ, ಬಡಗಕ್ಕೆ ನೆರೆಮನೆ, ಪಡುವಕ್ಕೆ ನದಿ.

“ಪಡುವಕ್ಕೆ ನದಿ ಅಲ್ಲ ಅಲ್ದಾ, ಸರ್ವೇರ್ರೆ” ಅಂದರು ಸಾದಮ್ಮ, ತಪ್ಪು ತೋರಿಸುವ ಸ್ವರದಲ್ಲಲ್ಲ, ನೆನಪು ಮಾಡುವ ಹಾಗೆ.

ಹಕ್ಕುಪತ್ರವನ್ನು ತಿದ್ದುವಂತಿಲ್ಲ. ಆದರೆ ಆಫೀಸಿನ ಕಡತದಲ್ಲಿ ಉಳಿಯುವ ಕೈನಕ್ಷೆ ನನ್ನ ಚೀಲದಲ್ಲಿತ್ತು. ಅವರ ಅಂಗಳದಲ್ಲೇ ಅದನ್ನು ಬಿಚ್ಚಿ, ಯಾರೂ ಕೇಳದ ಒಂದು ಮಾತನ್ನು ನನ್ನ ಸೇವಾವಧಿಯಲ್ಲಿ ಮೊದಲ ಸಲ ದಾಖಲೆಗೆ ಸೇರಿಸಿ ಸಹಿ ಹಾಕಿದೆ: ‘ಪಡುವಕ್ಕೆ: ಹಳೆಯ ಮನೆ. ಇಳಿತದಲ್ಲಿ ಕಾಣುತ್ತದೆ.’

ಆಮೇಲಿನ ಒಂದು ವರ್ಷದ ನೌಕರಿಯಲ್ಲಿ ಯಾವ ಚೆಕ್ಕುಬಂದಿಯನ್ನೂ ನಾನು ಆಫೀಸಿನಲ್ಲಿ ಕುಳಿತು ಬರೆಯಲಿಲ್ಲ. ಮೊದಲು ಬೂಟು ತೆಗೆದಿಟ್ಟು, ಆ ಮನೆಯ ಹಿರಿಯ ಹೆಂಗಸನ್ನು ಕೇಳಿಯೇ ಬರೆದೆ.