ಎಡಗೈ ಹೆಬ್ಬೆರಳು

ಕಿವಿ ಕೇಳದ ಹುಡುಗಿಗೆ ಟೈಪಿಂಗ್ ಕಲಿಸುತ್ತೇನೆಂದು ಒಪ್ಪಿಕೊಂಡದ್ದು ನನ್ನ ಕೊಬ್ಬು. ಎಪ್ಪತ್ತರ ದಶಕದಲ್ಲಿ ಮದ್ದೂರಿನಲ್ಲಿ ಐದು ಮೆಷಿನ್ನಿಟ್ಟುಕೊಂಡು ಟೈಪಿಂಗ್ ಹೇಳಿಕೊಡುತ್ತಿದ್ದೆ. ಹತ್ತಿರದ ಕೊಪ್ಪದ ರೈತರೊಬ್ಬರು ಮಗಳನ್ನು ಕರೆತಂದರು. ಬೇರೆ ಕಡೆಯೆಲ್ಲ ಬೇಡವೆಂದಿದ್ದರಂತೆ. ಸಾಲು ಮುಗಿಯುವ ಮುಂಚೆ ಮೆಷಿನ್ನು ಟಿಣ್ ಎಂದು ಗಂಟೆ ಹೊಡೆಯುತ್ತದೆ. ಕಣ್ಣು ಪುಸ್ತಕದ ಮೇಲೇ ಇರಬೇಕು. ಗಂಟೆ ಕೇಳದವಳು ಸಾಲು ಹೇಗೆ ಬದಲಾಯಿಸುತ್ತಾಳೆ?

ಸ್ಪೇಸ್ ಒತ್ತುವುದು ಬಲ ಹೆಬ್ಬೆರಳು. ಎಡದ್ದು ಶುದ್ಧ ಸೋಮಾರಿ. ಅದನ್ನು ಮೆಷಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟುಕೊಳ್ಳಲು ಹೇಳಿಕೊಟ್ಟೆ. ಗಂಟೆ ಹೊಡೆದರೆ ಕಬ್ಬಿಣ ಸಣ್ಣಗೆ ಅದುರುತ್ತದೆ. ತಿಂಗಳುಗಟ್ಟಲೆ ಅವಳಿಗೆ ಗೊತ್ತಾಗಲಿಲ್ಲ. ಒಂದು ದಿನ ಗೊತ್ತಾಯಿತು ನೋಡಿ, ಅವಳು ನಕ್ಕಳು, ನಾನು ಅತ್ತೆ.

ಪರೀಕ್ಷೆ ಮಂಡ್ಯದಲ್ಲಿ. ಮೆಷಿನ್ನನ್ನು ನಾವೇ ಹೊತ್ತೊಯ್ಯಬೇಕಿತ್ತು. ಬಸ್ಸಿನ ಕುಲುಕಾಟಕ್ಕೆ ಹೆದರಿ ಒಳಗೆ ಎರಡು ಬಟ್ಟೆಚೂರು ತುರುಕಿದ್ದೆ, ಒಂದು ರೋಲರಿನ ಕೆಳಗೆ, ಇನ್ನೊಂದು ಗಂಟೆಯ ಸಂದಿಗೆ. ಅವಳಪ್ಪ ಮೆಷಿನ್ನನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಈ ಸಲ ಪಾಸಾಗ್ನಿಲ್ಲ ಅಂದ್ರೆ ಇನ್ನ ಕಳ್ಸಕಿಲ್ಲ ಕಣಮ್ಮ. ಮನೇಲಿ ಎಮ್ಮೆ ನೋಡ್ಕೊಂಡು ಬಿದ್ದಿರ್ಲಿ."

ಪರೀಕ್ಷೆಯ ಕೋಣೆಯಲ್ಲಿ ಮೆಷಿನ್ನು ಕೂರಿಸಿ, ಬಟ್ಟೆ ತೆಗೆದು ಚೀಲಕ್ಕೆ ಹಾಕಿ, ನಾನೇ ಒಂದು ಸಾಲು ಹೊಡೆದು ನೋಡಿ, ಸರಿಯಿದೆ ಎಂದು ಅವಳಿಗೆ ಸನ್ನೆ ಮಾಡಿ ಹೊರಗೆ ಬಂದೆ. ಬೆವರು ಒರೆಸಿಕೊಳ್ಳಲು ಚೀಲಕ್ಕೆ ಕೈಹಾಕಿದರೆ ಒಂದೇ ಬಟ್ಟೆಚೂರು! ಗಂಟೆಯದು ಅಲ್ಲೇ ಉಳಿದಿದೆ. ಬಾಗಿಲಿಗೆ ಓಡಿದೆ. ಜವಾನ ಅಡ್ಡ ನಿಂತ.

"ಓಗಮ್ಮ ಅತ್ಲಾಗೆ, ಒಳೀಕೆ ಬುಡಕಿಲ್ಲ."

ಅಷ್ಟರಲ್ಲಿ ಒಳಗೆ ಮೆಷಿನ್ನುಗಳೆಲ್ಲ ಒಟ್ಟಿಗೆ ಶುರುವಾದವು. ಟಿಣ್, ಟಿಣ್, ಟಿಣ್. ಅದರಲ್ಲಿ ನಮ್ಮದು ಇಲ್ಲ ಎಂದು ನನಗೊಬ್ಬಳಿಗೇ ಗೊತ್ತು. ಹೆಬ್ಬೆರಳು ಅದುರೀತೆಂದು ಕಾಯುತ್ತಾ ಕೂತಿದ್ದಾಳೆ, ಪಾಪದ್ದು. ಸಾಲು ಮುಗಿದು ಕೀಲಿಗಳು ಕಚ್ಚಿಕೊಂಡಾಗ ಏನು ಮಾಡುತ್ತಾಳೋ! ನನ್ನ ಕೈಯಾರೆ ಅವಳ ಬಾಳು ಹಾಳುಮಾಡಿದೆನಲ್ಲ, ದೇವರೇ.

"ಯಾಕಮ್ಮ, ಮೊಕ ಇಂಗೆ ಬಾಡೋಗದೆ?" ಎಂದರು ಅವಳಪ್ಪ.

"ಬಿಸಿಲು," ಎಂದೆ. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಅವಳು ಹೊರಗೆ ಬಂದಳು. ನೇರ ನನ್ನ ಹತ್ತಿರ ಬಂದು, ಮುಷ್ಟಿ ಬಿಚ್ಚಿ, ಆ ಬಟ್ಟೆಚೂರನ್ನು ನನ್ನ ಅಂಗೈಗೆ ಹಾಕಿದಳು. ಮೊದಲ ಸಾಲಿಗೇ ಕಬ್ಬಿಣ ಅದುರದಿದ್ದುದನ್ನು ಕಂಡು ಕಿತ್ತಿದ್ದಳಂತೆ. ಸನ್ನೆಯಲ್ಲೇ ಹೇಳಿದಳು.

ಮುಂದೆ ಪಾಸೂ ಆದಳು. ಅವತ್ತು ಮಾತ್ರ, ಮೆಷಿನ್ನನ್ನು ಕಿವಿಯಾರೆ ಪರೀಕ್ಷಿಸಿ ಬಂದ ಈ ಮೇಡಮ್ಮಿನ ಕಿವಿ ಮುಟ್ಟಿ, ಕೈ ತಿರುಗಿಸಿ ಕೇಳಿದಳು: ನಿಮಗೂ ಕೇಳಿಸಲ್ವಾ?