ಬಳಚಿನಕ್ಕ ಎತ್ತಿಸಿದ ಕೈಗಳು

ಸಿಂಬೆ ಇಟ್ಟು ಇಟ್ಟು ಬಳಚಿನಕ್ಕನ ನೆತ್ತಿಯ ಕೂದಲು ಉಂಗುರದ ಹಾಗೆ ಸವೆದುಹೋಗಿತ್ತು. ಅದರ ಮೇಲೆ ಬುಟ್ಟಿ ಕೂತಿತೆಂದರೆ ಕೈಬೀಸಿಕೊಂಡೇ ನಡೆಯುವಳು. ಅಘನಾಶಿನಿ ಹೊಳೆಯಲ್ಲಿ ಇಳಿತದ ಹೊತ್ತಿಗೆ ಬಳಚು, ಅಂದರೆ ಚಿಪ್ಪಿಮೀನು, ಹೆಕ್ಕಿ ಕೇರಿ ಕೇರಿ ಮಾರುವುದು ಅವಳ ಕಸುಬು. ನಮ್ಮ ಪಕ್ಕದ ಮನೆಯವಳೇ. ಬಾಯಿ ಮಾತ್ರ, ಅಬ್ಬಾ, ಮೀನುಪೇಟೆ!

ನಮ್ಮದು ಹೊಳೆಯ ನಡುವಿನ ಕುದ್ರು. ನಾಲ್ಕಾರು ಮನೆ, ಬಾವಿಯ ನೀರೆಲ್ಲ ಉಪ್ಪು. ಕುಡಿಯುವ ನೀರಿಗೆ ದೋಣಿಯಲ್ಲಿ ಕೊಡ ಇಟ್ಟುಕೊಂಡು ಆಚೆ ದಡಕ್ಕೆ ಹೋಗಬೇಕು. ಪ್ರತಿ ವರ್ಷ ಗ್ರಾಮಸಭೆಯಲ್ಲಿ ನಲ್ಲಿ ಕೇಳುತ್ತಿದ್ದೆವು, ಪ್ರತಿ ವರ್ಷ ಸೋಲುತ್ತಿದ್ದೆವು. ಪಂಚಾಯ್ತಿಯ ದುಡ್ಡು ಯಾವುದಕ್ಕೆ ಎಂದು ಕೈ ಎತ್ತಿಸಿದರೆ ಹೆಚ್ಚು ಕೈ ಆಚೆ ದಡದ ದೊಡ್ಡಕೇರಿಯವರದೇ. ಅವರ ಡಾಂಬರಿನ ಮೇಲೆ ಇನ್ನೊಂದು ಡಾಂಬರು ಬೀಳುತ್ತಿತ್ತು. ಮೋಸ ಎನ್ನೋಣವೆಂದರೆ ಎಲ್ಲವೂ ಕ್ರಮವಾಗಿಯೇ ನಡೆದಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಳಚಿನಕ್ಕ ಅದೇ ದಡದ ಪುಟ್ಟ ಗುಡ್ಡೆಕೇರಿಯಲ್ಲಿ ವ್ಯಾಪಾರ ಮಾಡುವಾಗ ಒಂದು ಹಿಡಿ ಕೊಸರು ಹಾಕಿ, ಜೊತೆಗೆ ಒಂದು ಮಾತನ್ನೂ ಹಾಕಿ ಬರುತ್ತಿದ್ದಳು. ಒಂದು ವರ್ಷ ಗ್ರಾಮಸಭೆಯ ಹಿಂದಿನ ದಿನ ನಮ್ಮನ್ನೆಲ್ಲ ಕೂರಿಸಿಕೊಂಡಳು.

"ಈ ಸಲ ನೀರು ಕೇಳೂದು ಬೇಡ. ಗುಡ್ಡೆಕೇರಿ ಮಕ್ಕಳಿಗೆ ಹಳ್ಳ ದಾಟಿ ಶಾಲೆಗೆ ಹೋಗೂಕೆ ಸಂಕ ಇಲ್ಲ. ಅದಕ್ಕೆ ಕೈ ಎತ್ವ."

"ಅದ್ರಿಂದ ನಮ್ಗೆಂತ ಸಿಗ್ತದೆ ಅಕ್ಕಾ?" ಎಂದೆ.

"ಕೈ ಎತ್ತಿದ್ರೆ ಮುರೀತದ್ಯಾ ತಮಾ? ನಾವೂ ಚೂರು ಜನ, ಅವ್ರೂ ಚೂರು ಜನ. ಕೂಡಿದ್ರೆ ದೊಡ್ಡಕೇರಿಗಿಂತ ಹೆಚ್ಚಾತದೆ."

ಆ ವರ್ಷ ಸಂಕ ಆಯಿತು. ಮರುವರ್ಷ ನಮ್ಮ ನಲ್ಲಿಯ ಸರದಿ. ಗುಡ್ಡೆಕೇರಿಯವರು ಕೈಕೊಟ್ಟರೆ ಗತಿಯೇನು ಎಂದು ನಾನು ಅವರ ಕಡೆಯೇ ನೋಡುತ್ತ ಕೂತಿದ್ದೆ. ಒಬ್ಬರಾದ ಮೇಲೆ ಒಬ್ಬರು ಕೈ ಎತ್ತಿದರು. ಕುದ್ರಿಗೆ ಪೈಪು ಬಂತು. ಮೊದಲ ದಿನ ನಾವೆಲ್ಲ ನಲ್ಲಿಯ ಸುತ್ತ ನಿಂತು ನಗುತ್ತಿದ್ದರೆ ಅವಳು, "ಸಾಕು, ಬಂದ್ ಮಾಡ್ರೋ, ಸುಮ್ನೆ ಹರೀತದೆ" ಎಂದು ಗದರಿದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಮುಂದಿನ ಮಳೆಗಾಲದಲ್ಲಿ ದೊಡ್ಡಕೇರಿಯ ತಗ್ಗಿನ ಮನೆಗಳಿಗೆ ಚರಂಡಿ ನೀರು ನುಗ್ಗಿತು. ಅವರ ಚರಂಡಿಗೆ ಕೈ ಎತ್ತಬೇಕು ಎಂದು ಬಳಚಿನಕ್ಕ ಹಟ ಹಿಡಿದಳು.

"ಬಿಲ್ಕುಲ್ ಇಲ್ಲ! ಅವ್ರು ನಮ್ಗೆ ಒಂದ್ಸಲನಾದ್ರೂ ಎತ್ತಿದ್ರಾ? ಈಗ ಹೆಚ್ಚು ಕೈ ನಮ್ದು. ಅವ್ರಿಗೂ ಗೊತ್ತಾಗ್ಲಿ," ಎಂದೆ.

ಅವಳು ಬುಟ್ಟಿ ಕೆಳಗಿಟ್ಟಳು. "ಅವ್ರು ಮಾಡಿದ್ದನ್ನೇ ನಾವೂ ಮಾಡೂಕೆ ಇಷ್ಟೆಲ್ಲ ಒದ್ದಾಡಿದ್ದಾ ತಮಾ?"

ಗೊಣಗುತ್ತಲೇ ಸಭೆಗೆ ಹೋದೆ, ಗೊಣಗುತ್ತಲೇ ಕೈ ಎತ್ತಿದೆ. ಚರಂಡಿ ಆಯಿತು.

ಬಳಚಿನಕ್ಕ ಹೋದ ವರ್ಷ ತೀರಿಕೊಂಡಳು. ತುಂಬಿದ ಬದುಕು, ನರಳಲಿಲ್ಲ. ಅವಳಿಲ್ಲದ ಮೊದಲ ಗ್ರಾಮಸಭೆಗೆ ಹೋಗುವಾಗ ಇನ್ನು ನಮ್ಮ ಪರವಾಗಿ ಯಾರು ಮಾತಾಡುತ್ತಾರೆ ಎಂದು ಅಳುಕಿತ್ತು. ಸಭೆ ಶುರುವಾಗುತ್ತಿದ್ದಂತೆ ದೊಡ್ಡಕೇರಿಯ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು:

"ಮೊದ್ಲು ಕುದ್ರಿನವ್ರು ಹೇಳ್ಲಿ. ಈ ವರ್ಷ ನಿಮ್ಗೆಂತ ಆಗ್ಬೇಕು?"